ಏಳು ಹಲಗೆಯ ಗಾಡಿ

ನಾನು ಬರೆಯುವ ಮೇಜಿನ ಮೇಲೆ, ಒಂದು ಕಾಲಕ್ಕೆ ಮಸಿಕುಡಿಕೆ ಇರುತ್ತಿದ್ದ ಜಾಗದಲ್ಲಿ, ಈಗ ಒಂದು ಸರಕುಗಾಡಿ ನಿಂತಿದೆ. ಎರಡೂವರೆ ಅಂಗುಲಕ್ಕಿಂತ ತುಸು ಉದ್ದ, ಎರಡು ಬೆರಳಿನ ಅಗಲ, ನಾಲ್ಕು ಗಾಲಿ, ಮೇಲೆ ಬಾಯ್ತೆರೆದ ಪೆಟ್ಟಿಗೆ. ಇಂಗ್ಲೆಂಡಿನಲ್ಲಿ ಕಲ್ಲಿದ್ದಲು ಹೊತ್ತು ಊರೂರು ಅಲೆಯುತ್ತಿದ್ದ ಏಳು ಹಲಗೆಯ ವ್ಯಾಗನ್ನಿನ ಪಡಿಯಚ್ಚು ಅದು. ಮನೆಗೆ ಬಂದವರು ಅದನ್ನು ಕೈಗೆತ್ತಿಕೊಂಡು, "ಮೊಮ್ಮಗನದೋ?" ಎನ್ನುತ್ತಾರೆ. "ಅಲ್ಲ, ನನ್ನದೇ" ಎಂದರೆ ನಗುತ್ತಾರೆ, ಇಲ್ಲವೆ ಮರುಕದಿಂದ ಮಾತು ಬದಲಿಸುತ್ತಾರೆ. ನನ್ನ ತಮ್ಮನ ಮಗ ಅದನ್ನು ತಂದುಕೊಟ್ಟಾಗ ನಾನೂ ಒಳಗೊಳಗೇ ನಕ್ಕವನೇ. ಮೂವತ್ತು ವರ್ಷ ಚರಿತ್ರೆಯ ಪಾಠ ಹೇಳಿದವನಿಗೆ ಆಟದ ಗಾಡಿಯೆ? ಆದರೆ ಅದು ಹೇಗೆ ತಯಾರಾಯಿತೆಂಬ ಕಥೆಯನ್ನು ಅವನು ಒಂದು ಸಂಜೆ ಕೂತು ಹೇಳಿದ ಮೇಲೆ ನನ್ನ ನಗು ಎಲ್ಲಿ ಹೋಯಿತೋ ತಿಳಿಯದು. ಆ ಕಥೆಯನ್ನೇ ಈ ಹೊತ್ತು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಚಿಕ್ಕಂದಿನಲ್ಲಿ ರೈಲ್ವೆ ಗೇಟಿನ ಬಳಿ ನಿಂತು ಗೂಡ್ಸ್ ಗಾಡಿ ನೋಡಿದ ನೆನಪು ನಿಮ್ಮಲ್ಲಿ ಹಲವರಿಗೆ ಇರಬಹುದು. ನಮ್ಮ ಕಡೆ ಆಗ ಮೀಟರ್ ಗೇಜ್ ಹಳಿ. ಎಂಜಿನ್ನು ಬಂದಾಗ ಕೈ ಬೀಸುತ್ತಿದ್ದೆವು. ಅದರ ಹಿಂದೆ ಬರುತ್ತಿದ್ದ ಗಾಡಿಗಳನ್ನು ಎಣಿಸುತ್ತಿದ್ದೆವು. ಎಣಿಸುತ್ತಿದ್ದೆವೇ ಹೊರತು ನೋಡುತ್ತಿರಲಿಲ್ಲ. ಇಂದು ಯಾರಾದರೂ ಆ ಗಾಡಿಯ ಬಾಗಿಲಿನ ಚಿಲಕ ಯಾವ ಕಡೆಗಿತ್ತೆಂದು ಕೇಳಿದರೆ ನಾನು ತಲೆ ತಗ್ಗಿಸಬೇಕು. ಮೈಸೂರಿನಲ್ಲಿ 1979ರಲ್ಲಿ ತೆರೆದ ರೈಲು ವಸ್ತುಸಂಗ್ರಹಾಲಯಕ್ಕೆ ಹೋದಾಗಲೂ ಕಂಡದ್ದು ಅದೇ: ಜನ ಎಂಜಿನ್ನಿನ ಮುಂದೆ ನಿಂತು ಪಟ ತೆಗೆಸಿಕೊಳ್ಳುತ್ತಾರೆ. ಎಂಜಿನ್ನಿಗೆ ವಂಶಾವಳಿ ಉಂಟು, ವಿನ್ಯಾಸಕಾರನ ಹೆಸರುಂಟು, ಕೆಲವಕ್ಕಂತೂ ರಾಜಮಹಾರಾಜರ ಹೆಸರನ್ನೇ ಇಟ್ಟಿದ್ದಾರೆ. ವ್ಯಾಗನ್ನಿಗೆ ಇರುವುದು ಒಂದು ಸಂಖ್ಯೆ.

ಆದರೆ ಬ್ರಿಟನ್ನಿನ ಕಲ್ಲಿದ್ದಲು ವ್ಯಾಗನ್ನುಗಳಿಗೆ ಹೆಸರೂ ಇತ್ತು. ಅಲ್ಲಿನ ವ್ಯವಸ್ಥೆ ನಮ್ಮದಕ್ಕಿಂತ ಬೇರೆ. ಹಳಿ ರೈಲು ಕಂಪನಿಯದು, ಎಂಜಿನ್ನು ಕಂಪನಿಯದು. ಗಾಡಿ ಮಾತ್ರ ಗಣಿಯ ಮಾಲೀಕನದೋ, ದಲ್ಲಾಳಿಯದೋ, ಯಾವುದೋ ಸಣ್ಣ ಪಟ್ಟಣದಲ್ಲಿ ಮನೆಮನೆಗೆ ಇದ್ದಲು ಹಾಕುವ ವರ್ತಕನದೋ ಆಗಿರಬಹುದಾಗಿತ್ತು. ನಾಲ್ಕಾರು ಗಾಡಿಗಳನ್ನು ಕಂತಿನ ಮೇಲೆ ಕೊಂಡ ವರ್ತಕ ತನ್ನ ಹೆಸರನ್ನು ಪಕ್ಕದ ಹಲಗೆಗಳ ಉದ್ದಕ್ಕೂ ಆಳೆತ್ತರದ ಅಕ್ಷರಗಳಲ್ಲಿ ಬರೆಸುತ್ತಿದ್ದ. ಊರಿನ ಹೆಸರು ಒಂದು ಮೂಲೆಯಲ್ಲಿ, ಖಾಲಿಯಾದ ಮೇಲೆ ಯಾವ ಗಣಿಗೆ ಹಿಂದಿರುಗಿಸಬೇಕೆಂಬ ಸೂಚನೆ ಇನ್ನೊಂದು ಮೂಲೆಯಲ್ಲಿ. ಆ ಗಾಡಿ ಅವನ ಅಂಗಡಿಯ ಫಲಕವೂ ಹೌದು. ಅವನ ಅಂಗಡಿ ಇದ್ದ ಬೀದಿಯನ್ನು ಕಾಣದ ಜನವೂ ನೂರಾರು ಮೈಲಿ ದೂರದ ನಿಲ್ದಾಣದಲ್ಲಿ ಅವನ ಹೆಸರನ್ನು ಓದಿರಬೇಕು.

ಹೀಗೆ ಸಾವಿರಾರು ಜನರ ಗಾಡಿಗಳು ಒಂದೇ ಹಳಿಯ ಮೇಲೆ ಓಡಬೇಕಾದರೆ ಒಂದು ಕಟ್ಟಳೆ ಬೇಕಷ್ಟೆ. ರೈಲು ಕಂಪನಿಗಳ ನಡುವೆ ಲೆಕ್ಕ ತೀರಿಸುವುದಕ್ಕಾಗಿ 1842ರಲ್ಲಿ ಹುಟ್ಟಿದ್ದ ರೈಲ್ವೆ ಕ್ಲಿಯರಿಂಗ್ ಹೌಸ್ ಎಂಬ ಸಂಸ್ಥೆ ಆ ಕೆಲಸವನ್ನೂ ವಹಿಸಿಕೊಂಡಿತು. 1887ರಲ್ಲಿ ಒಂದು ನಿರ್ದೇಶ, 1907ರಲ್ಲಿ ಇನ್ನೊಂದು, 1923ರಲ್ಲಿ ಮತ್ತೊಂದು. ಹನ್ನೆರಡು ಟನ್ ಹೊರುವ 1923ರ ಗಾಡಿಯ ಮೈ ಹದಿನಾರೂವರೆ ಅಡಿ ಉದ್ದ, ಎಂಟು ಅಡಿ ಅಗಲ. ಎರಡು ಅಚ್ಚುಗಳ ನಡುವಿನ ಅಂತರ ಒಂಬತ್ತು ಅಡಿ. ಈ ಅಳತೆಗಳನ್ನು ನೆನಪಿಡಿ; ಮುಂದೆ ಇವೇ ಜಗಳಕ್ಕೆ ಬರುತ್ತವೆ.

ಈ ಗಾಡಿಗಳಿಗೆ ಎಂಜಿನ್ನಿನಿಂದ ಹಾಕಬಹುದಾದ ಬ್ರೇಕು ಇರಲಿಲ್ಲ. ಮೂರು ಕೊಂಡಿಯ ಸರಪಳಿಯೊಂದು ಗಾಡಿಯಿಂದ ಗಾಡಿಗೆ. ಪಕ್ಕದಲ್ಲಿ ಕೈಯಿಂದ ಒತ್ತುವ ಉದ್ದನೆಯ ಕಬ್ಬಿಣದ ಹಿಡಿಕೆ. ರೈಲಿನ ಬಾಲದಲ್ಲಿ ಗಾರ್ಡಿನ ಬ್ರೇಕು ಗಾಡಿ. ಇಳಿಜಾರಿನ ತಲೆಯಲ್ಲಿ ರೈಲು ನಿಲ್ಲಿಸಿ ಒಂದೊಂದು ಗಾಡಿಯ ಹಿಡಿಕೆಯನ್ನೂ ಒತ್ತಿ ಸಿಕ್ಕಿಸಬೇಕಾಗಿತ್ತು. ಮೊದಮೊದಲು ಹಿಡಿಕೆ ಒಂದೇ ಪಕ್ಕದಲ್ಲಿರುತ್ತಿತ್ತು. ಯಾರ್ಡಿನಲ್ಲಿ ಗಾಡಿಗಳು ಉರುಳುತ್ತಿರುವಾಗ ಆಚೆ ಪಕ್ಕದ ಹಿಡಿಕೆಗಾಗಿ ಎರಡು ಗಾಡಿಗಳ ನಡುವೆ ನುಸುಳಿದ ಕೂಲಿಗಳು ಬಫರುಗಳ ನಡುವೆ ಸಿಕ್ಕಿ ಸಾಯುತ್ತಿದ್ದರು. 1911ರ ಅಪಘಾತ ತಡೆಯ ನಿಯಮಗಳು ಎರಡೂ ಪಕ್ಕದಲ್ಲಿ ಹಿಡಿಕೆ ಇರಬೇಕೆಂದು ವಿಧಿಸಿದವು. ನನ್ನ ಮೇಜಿನ ಮೇಲಿನ ಗಾಡಿಯ ಎರಡೂ ಪಕ್ಕದಲ್ಲಿ ಕೂದಲೆಳೆಯಂಥ ಒಂದೊಂದು ಹಿಡಿಕೆ ಇದೆ. ಆ ಎರಡನೆಯ ಎಳೆಯ ಹಿಂದೆ ಎಷ್ಟು ಹೆಣ ಬಿದ್ದಿದ್ದವೆಂಬುದು ತಿಳಿದ ಮೇಲೆ ಅದನ್ನು ಮುಟ್ಟುವಾಗ ಕೈ ತುಸು ಅಳುಕುತ್ತದೆ.

1939ರಲ್ಲಿ ಯುದ್ಧ ಬಂತು. ಸರ್ಕಾರ ಖಾಸಗಿ ಗಾಡಿಗಳನ್ನೆಲ್ಲ ಒಟ್ಟು ಮಾಡಿ ಒಂದೇ ಕಣಜಕ್ಕೆ ಸುರಿಯಿತು. ಯಾರ ಗಾಡಿ ಯಾರ ಇದ್ದಲನ್ನಾದರೂ ಹೊರಬಹುದು ಎಂದಾದ ಮೇಲೆ ಹೆಸರಿಗೆ ಅರ್ಥವೇನು? ಮುರಿದ ಹಲಗೆಯ ಜಾಗಕ್ಕೆ ಹೊಸ ಹಲಗೆ ಬಂತು, ಬಣ್ಣವಿಲ್ಲದೆ. ವರ್ತಕನ ಹೆಸರಿನ ಒಂದೆರಡು ಅಕ್ಷರ ಅದರೊಂದಿಗೆ ಹೋಯಿತು. 1948ರ ಜನವರಿ 1ರಂದು ರೈಲುಗಳು ರಾಷ್ಟ್ರೀಕೃತವಾದಾಗ ಬ್ರಿಟಿಷ್ ರೈಲ್ವೆಯ ಕೈಗೆ ಬಂದ ಸುಮಾರು ಹನ್ನೆರಡು ಲಕ್ಷ ವ್ಯಾಗನ್ನುಗಳಲ್ಲಿ ಐದು ಲಕ್ಷಕ್ಕೂ ಮೀರಿ ಇಂಥವೇ ಇದ್ದವು. ಅವುಗಳ ಸಂಖ್ಯೆಯ ಹಿಂದೆ 'ಪಿ' ಎಂಬ ಒಂದಕ್ಷರ ಸೇರಿಸಿದರು. ಅಷ್ಟೇ ಉಳಿದ ಗುರುತು. ಅತ್ತ ಉಕ್ಕಿನ ಹದಿನಾರು ಟನ್ ಗಾಡಿಗಳು ಎರಡು ಲಕ್ಷಕ್ಕೂ ಹೆಚ್ಚು ತಯಾರಾಗಿ ಬಂದವು. ಇತ್ತ ಮರದ ಗಾಡಿಗಳು ರಾಶಿ ರಾಶಿಯಾಗಿ ಸೌದೆಯಾದವು. ಇಂದು ಎಂಜಿನ್ನು ಉಳಿದಂತೆ ಅವು ಉಳಿದಿಲ್ಲ. ಲಕ್ಷಗಟ್ಟಲೆ ಇದ್ದದ್ದನ್ನು ಕಾಪಾಡಬೇಕೆಂದು ಯಾರಿಗೆ ತಾನೆ ತೋಚೀತು?

ಇನ್ನು ಆಟಿಕೆಯ ಕಥೆ. ಇದರ ತವರು ಜರ್ಮನಿ. ಗೋಪಿಂಗೆನ್ ಊರಿನ ಮಾರ್ಕ್ಲಿನ್ ಕಂಪನಿ 1891ರ ಲೈಪ್ಸಿಗ್ ಜಾತ್ರೆಯಲ್ಲಿ ಅಳತೆಗೊಳಪಟ್ಟ ಹಳಿಗಳ ಆಟದ ರೈಲನ್ನು ಇಟ್ಟಿತು. ನ್ಯೂರೆಂಬರ್ಗಿನ ಬಿಂಗ್ ಮತ್ತು ಕಾರೆಟ್ ಕಂಪನಿಗಳು ಅದೇ ದಾರಿ ಹಿಡಿದವು. ಇಂಗ್ಲೆಂಡಿನ ನಾರ್ಥಾಂಪ್ಟನ್ ಊರಿನ ಬ್ಯಾಸೆಟ್-ಲೋಕ್ ಎಂಬಾತ 1899ರಲ್ಲಿ ವ್ಯಾಪಾರ ಆರಂಭಿಸಿ, ಈ ನ್ಯೂರೆಂಬರ್ಗಿನವರಿಂದಲೇ ಇಂಗ್ಲಿಷ್ ಚಹರೆಯ ಎಂಜಿನ್ನು, ಗಾಡಿಗಳನ್ನು ಮಾಡಿಸಿ ತರಿಸಿದ. ಲಂಡನ್ನಿನಲ್ಲಿ ಹವ್ಯಾಸಿಗಳ ಮಾಡೆಲ್ ರೈಲ್ವೆ ಕ್ಲಬ್ಬು ಹುಟ್ಟಿದ್ದು 1910ರಲ್ಲಿ. 1920ರಲ್ಲಿ ಮೆಕ್ಯಾನೋ ಖ್ಯಾತಿಯ ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ತನ್ನ ರೈಲುಗಳನ್ನು ಮಾರುಕಟ್ಟೆಗೆ ಬಿಟ್ಟ. ಅಂದಿನ ವ್ಯಾಗನ್ನೆಂದರೆ ತಗಡಿನ ಡಬ್ಬಿ. ಹಲಗೆಯ ಸಂದು, ಕಬ್ಬಿಣದ ಪಟ್ಟಿ, ಮೊಳೆಯ ತಲೆ, ಕೊನೆಗೆ ಮೊಳೆಯ ನೆರಳು ಕೂಡ ತಗಡಿನ ಮೇಲೆ ಮುದ್ರಿತ. ಬಿಸ್ಕತ್ತಿನ ಡಬ್ಬಿಯ ಮೇಲಿನ ಚಿತ್ರಕ್ಕೂ ಅದಕ್ಕೂ ಹೆಚ್ಚಿನ ಭೇದವಿಲ್ಲ. ಆದರೂ ಹಳೆಯ ಹವ್ಯಾಸಿಗಳು ಆ ತಗಡಿನ ಗಾಡಿಯನ್ನು ಕಂಡರೆ ಇಂದಿಗೂ ಕಣ್ಣರಳಿಸುತ್ತಾರಂತೆ. ಅದು ಬೇರೆಯ ಪ್ರೀತಿ. ನಿಖರತೆಗೆ ಅಲ್ಲಿ ಕೆಲಸವಿಲ್ಲ.

ಮೂಲ ತಪ್ಪು ನಡೆದದ್ದು ಮುಂದೆ. 'ಓ' ಎಂದು ಕರೆಯುತ್ತಿದ್ದ ಆಟದ ರೈಲಿನ ಹಳಿಗಳ ಅಂತರ 32 ಮಿಲಿಮೀಟರು. ಸಣ್ಣ ಮನೆಗಳಿಗೆ ಅದು ದೊಡ್ಡದಾಯಿತೆಂದು 1922ರಲ್ಲಿ ಬಿಂಗ್ ಕಂಪನಿ ಬ್ಯಾಸೆಟ್-ಲೋಕನಿಗಾಗಿ ಮೇಜಿನ ಮೇಲೆ ಹಿಡಿಸುವ, ಸುಮಾರು ಅರ್ಧ ಅಳತೆಯ ರೈಲನ್ನು ಮಾಡಿತು. ಆ ಅರ್ಧದ ಹಳಿ ಕ್ರಮೇಣ 16.5 ಮಿಲಿಮೀಟರಿಗೆ ನಿಂತಿತು. ನಿಜವಾದ ಹಳಿಯ ಅಂತರ ನಾಲ್ಕು ಅಡಿ ಎಂಟೂವರೆ ಅಂಗುಲ. ಒಂದು ಅಡಿಗೆ ಮೂರೂವರೆ ಮಿಲಿಮೀಟರು ಎಂದು ಇಳಿಸಿದರೆ ಲೆಕ್ಕ ಸರಿಯಾಗಿ 16.5ಕ್ಕೆ ಬರುತ್ತದೆ. ಯುರೋಪು, ಅಮೆರಿಕಗಳು ಆ ಪ್ರಮಾಣವನ್ನು ಹಿಡಿದವು. ಬ್ರಿಟನ್ನಿನ ಸುರಂಗ, ಸೇತುವೆಗಳು ಇಕ್ಕಟ್ಟು. ಆದ್ದರಿಂದ ಅಲ್ಲಿನ ಎಂಜಿನ್ನುಗಳೂ ಗಿಡ್ಡ. ಅವನ್ನು ಅದೇ ಪ್ರಮಾಣಕ್ಕೆ ಇಳಿಸಿದರೆ ಅಂದಿನ ವಿದ್ಯುತ್ ಮೋಟಾರು ಹೊಟ್ಟೆಯೊಳಗೆ ಹಿಡಿಸುತ್ತಿರಲಿಲ್ಲ. ಸರಿ, ಎಂಜಿನ್ನಿನ ಮೈಯನ್ನು ಅಡಿಗೆ ನಾಲ್ಕು ಮಿಲಿಮೀಟರಿನಂತೆ ಹಿಗ್ಗಿಸಿದರು. ಹಳಿಯನ್ನು ಮಾತ್ರ ಇದ್ದಂತೆಯೇ ಬಿಟ್ಟರು. 1938ರಲ್ಲಿ ಬಂದ ಹಾರ್ನ್‌ಬಿ ಡಬ್ಲೊ ರೈಲು ಈ ಸಂಕರವನ್ನು ಮನೆಮನೆಗೆ ತಲುಪಿಸಿ ಕಾಯಂ ಮಾಡಿತು.

ಫಲವೇನು? ನಾಲ್ಕು ಮಿಲಿಮೀಟರಿನ ಪ್ರಮಾಣಕ್ಕೆ ಹಳಿಯ ಅಂತರ 18.83 ಮಿಲಿಮೀಟರು ಇರಬೇಕು, ಇರುವುದು 16.5. ಎಂದರೆ ಬ್ರಿಟನ್ನಿನ ಅಸಂಖ್ಯ ಮನೆಗಳಲ್ಲಿ ಓಡುವ ಆಟದ ರೈಲುಗಳೆಲ್ಲ ನಿಜದ ಲೆಕ್ಕದಲ್ಲಿ ಏಳು ಅಂಗುಲ ಕಿರಿದಾದ ಹಳಿಯ ಮೇಲೆ ಓಡುತ್ತಿವೆ. ಮುಂದಿನಿಂದ ನೋಡಿದರೆ ಗಾಡಿ ಕಾಲು ಕೂಡಿಸಿಕೊಂಡು ನಿಂತಂತೆ ತೋರುತ್ತದೆ. ಇದನ್ನು ಸಹಿಸದ ಕೆಲವರು ಹಳಿಯನ್ನು ಅಗಲ ಮಾಡಿಕೊಂಡರು. 1966ರಲ್ಲಿ ಒಂದು ಅಧ್ಯಯನ ಬಳಗ ಹಟ ಹಿಡಿದು 18.83ರ ಪೂರ್ಣ ಅಳತೆಯನ್ನೇ ಪ್ರತಿಪಾದಿಸಿತು. ಅಂಥವರು ಗಾಲಿಗಳನ್ನು ತಾವೇ ಬದಲಿಸಿಕೊಳ್ಳಬೇಕು, ಹಳಿಯನ್ನು ತಾವೇ ಹಾಸಬೇಕು. ಅವರ ಸಂಖ್ಯೆ ಎಂದೂ ದೊಡ್ಡದಾಗಲಿಲ್ಲ. ಮಾರುಕಟ್ಟೆ 16.5ನ್ನು ಬಿಡಲಿಲ್ಲ, ಇನ್ನು ಬಿಡುವುದೂ ಇಲ್ಲ. ಇಷ್ಟು ಹಳೆಯ ತಪ್ಪನ್ನು ತಿದ್ದಹೊರಟರೆ ಎಲ್ಲರ ಮನೆಯ ಹಳಿಯನ್ನೂ ಕೀಳಬೇಕಾಗುತ್ತದೆ.

ತಗಡು ಹೋಗಿ ಪ್ಲಾಸ್ಟಿಕ್ಕು ಬಂದದ್ದು ಯುದ್ಧದ ನಂತರ. 1958ರಲ್ಲಿ ಹಾರ್ನ್‌ಬಿ ಡಬ್ಲೊ ತನ್ನ ಹೊಸ ವ್ಯಾಗನ್ನುಗಳಿಗೆ ಸೂಪರ್ ಡೀಟೇಲ್ ಎಂದೇ ಹೆಸರಿಟ್ಟಿತು. ಏರ್‌ಫಿಕ್ಸ್ ಕಂಪನಿಯ ಬಿಡಿಭಾಗಗಳ ಪೊಟ್ಟಣ ಕೊಂಡು ಹುಡುಗರು ತಾವೇ ಅಂಟಿಸಿ ಗಾಡಿ ಮಾಡಿದರು. ಹಲಗೆ, ಮೊಳೆಗಳು ಚಿತ್ರವಾಗಿ ಉಳಿಯದೆ ಉಬ್ಬಿ ನಿಂತವು. ಆದರೆ ತಯಾರಕರ ಕೈಬಿಗಿತ ಹೋಗಲಿಲ್ಲ. ಒಂದೇ ತಳಗಟ್ಟನ್ನು ಹತ್ತು ಬಗೆಯ ಗಾಡಿಗಳಿಗೆ ಹೊಂದಿಸುವುದು, ಒಂಬತ್ತು ಅಡಿ ಇರಬೇಕಾದ ಕಡೆ ಹತ್ತು ಅಡಿಯ ತಳವನ್ನು ಜೋಡಿಸುವುದು, ಅದರ ಮೇಲೆ ಕಂಡ ಕಂಡ ವರ್ತಕನ ಹೆಸರನ್ನು ಮುದ್ರಿಸುವುದು. ಎಂಟು ಹಲಗೆಯ ಗಾಡಿ ಹೊಂದಿದ್ದವನ ಹೆಸರು ಐದು ಹಲಗೆಯ ಗಾಡಿಯ ಮೇಲೆ! ಮಕ್ಕಳಿಗೆ ಅದು ಸಾಕು. ದೊಡ್ಡವರು ಒಪ್ಪಲಿಲ್ಲ, ಒಪ್ಪದವರೇ ಸೇರಿ 1950ರಲ್ಲಿ ಹಿಸ್ಟಾರಿಕಲ್ ಮಾಡೆಲ್ ರೈಲ್ವೆ ಸೊಸೈಟಿ ಎಂಬ ಸಂಘವನ್ನು ಕಟ್ಟಿದ್ದರು. ಚರಿತ್ರೆ, ಮಾದರಿ ಎರಡೂ ಒಂದೇ ಹೆಸರಿನಲ್ಲಿ ಕೂಡಿರುವುದನ್ನು ಗಮನಿಸಿ. ನಕ್ಷೆ, ಛಾಯಾಚಿತ್ರ, ಬಣ್ಣದ ವಿವರಗಳನ್ನು ಅವರು ಕೂಡಿಹಾಕಿದರು.

ನನ್ನ ತಮ್ಮನ ಮಗ ಈ ಒಪ್ಪದವರ ಸಾಲಿಗೆ ಸೇರಿದವನು. ಇಂಗ್ಲೆಂಡಿನ ನಡುನಾಡಿನಲ್ಲಿ ಎಂಜಿನಿಯರು. ಅಲ್ಲಿನ ಐದಾರು ಹವ್ಯಾಸಿಗಳ ಬಳಗವೊಂದು ಸಣ್ಣ ತಯಾರಕರೊಬ್ಬರೊಡನೆ ಕೂಡಿ 1923ರ ನಿರ್ದೇಶದ ಏಳು ಹಲಗೆಯ ಗಾಡಿಯನ್ನು ಹೊಸದಾಗಿ ಮಾಡಿಸಲು ಹೊರಟಿತು. ಹಣ ಒಟ್ಟುಗೂಡಿಸಿದ ರೀತಿ ನಮಗೆ ಪರಿಚಿತವೇ: ಪ್ರಕಟಣಪೂರ್ವ ಚಂದಾ! ಪುಸ್ತಕ ಅಚ್ಚಾಗುವ ಮೊದಲೇ ಚಂದಾದಾರರನ್ನು ಹುಡುಕಿಕೊಂಡು ನಮ್ಮ ಲೇಖಕರು ಊರೂರು ಅಲೆದ ಹಾಗೆ, ಗಾಡಿ ಹುಟ್ಟುವ ಮೊದಲೇ ಅವರೂ ಗಿರಾಕಿಗಳನ್ನು ಗೊತ್ತುಮಾಡಿಕೊಂಡರು. ಅಚ್ಚಿನ ಉಪಕರಣಕ್ಕೇ ಹತ್ತಾರು ಸಾವಿರ ಪೌಂಡು ಬೀಳುವಾಗ ಬೇರೆ ದಾರಿ ಇರಲಿಲ್ಲ.

ಅಳತೆಯ ನಕ್ಷೆ ಸಿಕ್ಕಿತು. ಅದು ಮುದ್ರಿತ ನಿರ್ದೇಶವಷ್ಟೆ. ಕಷ್ಟ ಇದ್ದದ್ದು ಬಣ್ಣ, ಬರಹಗಳಲ್ಲಿ. ಅವರು ಆರಿಸಿಕೊಂಡದ್ದು ಒಬ್ಬ ಸಣ್ಣ ಪಟ್ಟಣದ ವರ್ತಕನ ಗಾಡಿ. ಅಂಗಡಿ ಮುಚ್ಚಿ ಎಷ್ಟೋ ದಶಕವಾಗಿದೆ. ಮನೆತನದವರು ಎಲ್ಲಿದ್ದಾರೋ ತಿಳಿಯದು. ಉಳಿದದ್ದು ಒಂದೇ ಒಂದು ಛಾಯಾಚಿತ್ರ. ಗಾಡಿ ಕಟ್ಟುವ ಕಾರ್ಖಾನೆಗಳಿಗೆ ಒಂದು ಒಳ್ಳೆಯ ಅಭ್ಯಾಸವಿತ್ತು: ಹೊಸ ಗಾಡಿ ಬಣ್ಣ ಬಳಿದುಕೊಂಡು ಹೊರಬಂದೊಡನೆ ಅದರ ಪಟ ತೆಗೆದಿಡುವುದು. 1860ರಲ್ಲಿ ಸ್ಥಾಪನೆಯಾದ ಗ್ಲಾಸ್ಟರಿನ ಕಾರ್ಖಾನೆಯ ಇಂಥ ಪಟಗಳು ಪ್ರಸಿದ್ಧ. ಕೀತ್ ಮಾಂಟೆಗ್ಯು ಅವರು 1981ರಲ್ಲಿ ಅವುಗಳದೇ ಒಂದು ಪುಸ್ತಕವನ್ನು ತಂದರು. ನಮ್ಮವನ ಬಳಗಕ್ಕೆ ದೊರೆತದ್ದೂ ಅಂಥ ಒಂದು ಕಾರ್ಖಾನೆಯ ಪಟವೇ. ಅದರಲ್ಲಿ ಗಾಡಿಯ ಮೈ ಕಪ್ಪಗೆ, ಅಕ್ಷರ ಬೆಳ್ಳಗೆ ಕಾಣುತ್ತಿತ್ತು.

ಬಳಗದ ಒಬ್ಬರು, "ಕಪ್ಪು, ಸಂದೇಹವೇ ಇಲ್ಲ" ಎಂದರಂತೆ. ನಮ್ಮ ಹುಡುಗನಿಗೆ ಆಗ ನೆನಪಾದದ್ದು ನಮ್ಮ ಮನೆಯ ಪಡಸಾಲೆಯಲ್ಲಿ ತೂಗುಹಾಕಿರುವ ಅವನ ಮುತ್ತಜ್ಜಿಯ ಪಟ. ಆ ಪಟದಲ್ಲಿ ಅಜ್ಜಿಯ ಹಣೆಯ ಕುಂಕುಮ ಕಾಡಿಗೆಯಂತೆ ಕಪ್ಪಾಗಿದೆ. ಚಿಕ್ಕವನಿದ್ದಾಗ ಅದನ್ನು ನೋಡಿ, "ಅಜ್ಜಿ ಯಾಕೆ ಕರಿ ಬೊಟ್ಟು ಇಟ್ಟಿದ್ದಾರೆ ದೊಡ್ಡಪ್ಪ?" ಎಂದು ಕೇಳಿದ್ದ. ಹಳೆಯ ಕಾಲದ ಗಾಜಿನ ಫಲಕಗಳ ಮದ್ದು ಕೆಂಪಿಗೆ ಕುರುಡು. ಕೆಂಪು ಅದರಲ್ಲಿ ಕಪ್ಪಾಗಿ ಬೀಳುತ್ತದೆ, ನೀಲಿ ಬಿಳಿಚಿಕೊಳ್ಳುತ್ತದೆ ಎಂದು ನಾನು ಹೇಳಿದ್ದೆನಂತೆ. ನನಗೆ ಮರೆತಿತ್ತು. ಇಂಗ್ಲೆಂಡಿನ ಕಲ್ಲಿದ್ದಲು ಗಾಡಿಯೊಂದರ ಬಣ್ಣ ಮೈಸೂರು ಸೀಮೆಯ ಒಬ್ಬ ಮುತ್ತೈದೆಯ ಕುಂಕುಮದಿಂದ ಪ್ರಶ್ನೆಗೊಳಗಾಯಿತೆಂದರೆ ನೀವು ನಂಬಬೇಕು. ಆಮೇಲೆ ಕಾರ್ಖಾನೆಯ ಆದೇಶದ ಪುಸ್ತಕದ ಒಂದು ನಮೂದು ಸಿಕ್ಕಿ, ಮೈ ಕೆಂಪು, ಅಕ್ಷರ ಬಿಳಿ, ಅಕ್ಷರದ ನೆರಳು ಕಪ್ಪು ಎಂದು ಗೊತ್ತಾಯಿತು. ಪಟದಲ್ಲಿ ಕಪ್ಪು ನೆರಳು ಕೆಂಪು ಮೈಯಲ್ಲಿ ಕರಗಿಹೋಗಿದ್ದುದರಿಂದ ಅದು ಯಾರಿಗೂ ಕಂಡಿರಲಿಲ್ಲ.

ಇಲ್ಲಿಗೆ ಬಣ್ಣದ ತಕರಾರು ಮುಗಿಯಿತೆಂದುಕೊಂಡರೆ ಇನ್ನೊಂದು ಎದ್ದಿತು. ಬಳಗದ ಹಿರಿಯರೊಬ್ಬರು ಕೇಳಿದ ಪ್ರಶ್ನೆ ಅದು: ನಾವು ಮಾಡುವುದು ಈ ಗಾಡಿಯ ಯಾವ ದಿನವನ್ನು? ಪಟದಲ್ಲಿರುವುದು ಅದು ಹುಟ್ಟಿದ ದಿನ. ಮರುದಿನವೇ ಅದಕ್ಕೆ ಇದ್ದಲು ತುಂಬಿದರು. ಆಮೇಲೆ ಇಪ್ಪತ್ತು ಮೂವತ್ತು ವರ್ಷ ಅದು ಮಳೆ, ಮಸಿ, ಗುದ್ದಾಟಗಳಲ್ಲಿ ಕಳೆಯಿತು. ಆ ದಿನಗಳದೊಂದು ಚಿತ್ರವೂ ಇಲ್ಲ. ಹೊಳೆಯುವ ಕೆಂಪು ಗಾಡಿ ಪಟಕ್ಕೆ ನಿಷ್ಠವಾಗಿರಬಹುದು, ಗಾಡಿಗೆ ನಿಷ್ಠವೆ?

ಈ ಮಾತು ಕೇಳಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾನು ಜೀವಮಾನವೆಲ್ಲ ಓದಿದ್ದು ಶಾಸನಗಳನ್ನು. ರೈಸ್ ಸಾಹೇಬರ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳು ಈಗಲೂ ನನ್ನ ಕಪಾಟಿನಲ್ಲಿವೆ. ದಾನಶಾಸನವೆಂದರೇನು? ದತ್ತಿ ಕೊಟ್ಟ ದಿನದ ಪಟ. ಇಂಥ ಸಂವತ್ಸರ, ಇಂಥ ತಿಥಿ, ಇಷ್ಟು ಕೊಳಗ ಗದ್ದೆ, ಧಾರಾಪೂರ್ವಕ. ಆ ಗದ್ದೆಯನ್ನು ಮುಂದೆ ಯಾರು ಉತ್ತರು, ಯಾವ ವರ್ಷ ಕೆರೆ ಒಡೆಯಿತು, ನಂದಾದೀಪಕ್ಕೆ ಎಣ್ಣೆ ಎಷ್ಟು ದಿನ ಸಂದಿತು? ಕಲ್ಲು ಮಾತಾಡುವುದಿಲ್ಲ. ನಾವು ಆ ಮೊದಲ ದಿನದ ಬಣ್ಣವನ್ನೇ ಇಡೀ ಮುನ್ನೂರು ವರ್ಷಕ್ಕೆ ಬಳಿದು ಪುಸ್ತಕ ಬರೆದೆವು. ಬರೆದವರಲ್ಲಿ ನಾನೂ ಒಬ್ಬ. ನನ್ನ ಹಳೆಯ ಪುಸ್ತಕವೊಂದನ್ನು ಆ ರಾತ್ರಿ ತೆಗೆದು ನೋಡಿದೆ. ಎರಡು ಅಧ್ಯಾಯ ಓದಿ ಮುಚ್ಚಿಟ್ಟೆ.

ಗಾಡಿಗೆ ಬರೋಣ. ಅಚ್ಚು ಮಾಡುವ ಕೆಲಸವನ್ನು ತಿಳಿಯಬೇಕಾದರೆ ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ನೆನೆಸಿಕೊಳ್ಳಿ. ಎರಡು ಮರದ ಹೋಳುಗಳನ್ನು ಬಿಗಿದು ನಡುವೆ ಪಾಕ ಹೊಯ್ಯುತ್ತಾರೆ. ಆರಿದ ಮೇಲೆ ಹೋಳು ಬಿಡಿಸಿದರೆ ಒಳಗೆ ಆನೆಯೋ ಗಿಣಿಯೋ. ಹೋಳು ಬಿಡಿಸುವಾಗ ಗಿಣಿಯ ಕೊಕ್ಕು ಮುರಿಯಬಾರದಾದರೆ ಅಚ್ಚಿನಲ್ಲಿ ಎಲ್ಲಿಯೂ ಒಳಮುಖದ ಕೊಕ್ಕೆ ಇರಬಾರದು, ಗೋಡೆಗಳು ತುಸು ಓರೆಯಾಗಿರಬೇಕು. ಪ್ಲಾಸ್ಟಿಕ್ಕಿನದೂ ಇದೇ ನ್ಯಾಯ. ಮರದ ಬದಲು ಉಕ್ಕು, ಪಾಕವನ್ನು ಹೊಯ್ಯುವ ಬದಲು ಭಾರಿ ಒತ್ತಡದಿಂದ ನುಗ್ಗಿಸುವುದು. ಗಾಡಿಯ ಪೆಟ್ಟಿಗೆಗೆ ಹೊರಗೂ ಒಳಗೂ ಹಲಗೆ, ಕಬ್ಬಿಣದ ಪಟ್ಟಿಗಳು ಕಾಣಬೇಕೆಂದರೆ ಎರಡು ಹೋಳು ಸಾಲದು. ನಾಲ್ಕು ಕಡೆಯಿಂದ ಸರಿದು ಬರುವ ಬೇರೆ ಹೋಳುಗಳು ಬೇಕು. ಒಂದೊಂದಕ್ಕೂ ಹಣ.

ಹಲಗೆಯ ದಪ್ಪವೇ ಮೊದಲ ತೊಡಕು. ನಿಜದ ಹಲಗೆ ಎರಡೂವರೆ ಅಂಗುಲ. ನಾಲ್ಕು ಮಿಲಿಮೀಟರಿನ ಪ್ರಮಾಣದಲ್ಲಿ ಅದು ಒಂದು ಮಿಲಿಮೀಟರಿಗೂ ಕಡಿಮೆ. ಅಷ್ಟು ತೆಳುವಾದರೆ ಪಾಕ ಮೂಲೆಯವರೆಗೆ ಹರಿಯುವ ಮೊದಲೇ ಗಟ್ಟಿಯಾಗುತ್ತದೆ, ಇಲ್ಲವೆ ತಣಿಯುವಾಗ ಗೋಡೆ ಸೊಟ್ಟಗಾಗುತ್ತದೆ. ಆದ್ದರಿಂದ ಗೋಡೆಯನ್ನು ಕೆಳಗೆ ದಪ್ಪ ಮಾಡಿ, ಕಣ್ಣಿಗೆ ಬೀಳುವ ಮೇಲಿನ ಅಂಚನ್ನು ಮಾತ್ರ ತೆಳುವಾಗಿ ಸವರಿದರು. ಹಲಗೆಗಳ ನಡುವಿನ ಸಂದನ್ನು ಲೆಕ್ಕದಂತೆ ಇಳಿಸಿದರೆ ಅದು ಕಾಣುವುದೇ ಇಲ್ಲ. ಅಲ್ಲಿ ಬೇಕೆಂದೇ ಹಿಗ್ಗಿಸಿದರು. ಮರದ ಎಳೆಗಳನ್ನು ಕೊರೆಯಬೇಕೆಂದು ಒಬ್ಬರು ಪಟ್ಟು ಹಿಡಿದರಂತೆ. ನೂರು ಗಜ ದೂರದಿಂದ ನಿಂತು ನೋಡಿದವರಿಗೆ ಮರದ ಎಳೆ ಕಾಣುತ್ತದೆಯೆ? ಮೇಜಿನ ಮೇಲಿನ ಗಾಡಿಯನ್ನು ನೋಡುವುದೆಂದರೆ ಅಷ್ಟೇ ದೂರದಿಂದ ನೋಡಿದಂತೆ ತಾನೆ. ಎಳೆ ಬೇಡವೆಂದಾಯಿತು. ಈ ತೀರ್ಮಾನ ನನಗೆ ತುಂಬ ಹಿಡಿಸಿತು.

ತೂಕದ್ದು ಇನ್ನೊಂದು ತಮಾಷೆ. ಉದ್ದದಲ್ಲಿ ಎಪ್ಪತ್ತಾರು ಪಾಲು ಕುಗ್ಗಿದ ವಸ್ತು ತೂಕದಲ್ಲಿ ನಾಲ್ಕು ಲಕ್ಷದ ನಲವತ್ತು ಸಾವಿರ ಪಾಲು ಕುಗ್ಗಬೇಕು. ಆರೂವರೆ ಟನ್ನಿನ ಖಾಲಿ ಗಾಡಿ ಹದಿನೈದು ಗ್ರಾಮಿಗೆ ಇಳಿಯುತ್ತದೆ. ಅಂಥದನ್ನು ಹಳಿಯ ಮೇಲೆ ಬಿಟ್ಟರೆ ತಿರುವಿನಲ್ಲಿ ಎಗರಿಬಿಡುತ್ತದೆ. ಹವ್ಯಾಸಿಗಳ ವಾಡಿಕೆ ಒಂದು ಅಚ್ಚಿಗೆ 25 ಗ್ರಾಂ. ಆದ್ದರಿಂದ ನನ್ನ ಈ ಖಾಲಿ ಗಾಡಿ ಇದ್ದಲು ತುಂಬಿದ ನಿಜದ ಗಾಡಿಗಿಂತಲೂ ಲೆಕ್ಕದಲ್ಲಿ ಭಾರ.

ಆದರೆ ಬಳಗ ಒಡೆಯುವ ಹಂತಕ್ಕೆ ಬಂದದ್ದು ಬ್ರೇಕಿನ ಕಟ್ಟೆಗಳ ವಿಷಯದಲ್ಲಿ. ಗಾಲಿಯನ್ನು ಉಜ್ಜಿ ನಿಲ್ಲಿಸುವ ಆ ಕಟ್ಟೆ ಗಾಲಿಯ ನೇರಕ್ಕೇ ಇರಬೇಕಷ್ಟೆ. ಈಗ ಆ ಹಳೆಯ ತಪ್ಪನ್ನು ನೆನೆಯಿರಿ. ಗಾಡಿಯ ಮೈ ಸರಿಯಾದ ಅಳತೆಯಲ್ಲಿದೆ. ಗಾಲಿಗಳು ಮಾತ್ರ ಇಕ್ಕಟ್ಟಾದ ಹಳಿಗಾಗಿ ಒಂದೊಂದು ಪಕ್ಕದಲ್ಲೂ ಒಂದು ಮಿಲಿಮೀಟರಿಗೂ ಮಿಕ್ಕು ಒಳಗೆ ಸರಿದಿವೆ. ಕಟ್ಟೆಯನ್ನು ನಿಜದ ಅಳತೆಯಲ್ಲಿಟ್ಟರೆ ಅದು ಗಾಲಿಯ ಹೊರಗೆ ಗಾಳಿಯನ್ನು ಉಜ್ಜುತ್ತ ನಿಲ್ಲುತ್ತದೆ. ಗಾಲಿಯ ನೇರಕ್ಕೆ ಒಳಗೆ ಸರಿಸಿದರೆ, ಪೂರ್ಣ ಅಳತೆಯ ಹಳಿಯವರು ಅಗಲದ ಗಾಲಿ ಹಾಕಹೋದಾಗ ಕಟ್ಟೆ ಅಡ್ಡ ಬರುತ್ತದೆ. ಒಬ್ಬರಿಗೆ ಕಣ್ಣಿಗೆ ಸರಿಯಾದದ್ದು ಬೇಕು, ಇನ್ನೊಬ್ಬರಿಗೆ ಅಳತೆಗೆ ಸರಿಯಾದದ್ದು. ಮೂರು ತಿಂಗಳು ಪತ್ರ ವ್ಯವಹಾರ ನಡೆದು ಒಬ್ಬರು ಬಳಗವನ್ನೇ ಬಿಟ್ಟರಂತೆ. ಕಟ್ಟೆಗಳನ್ನು ಬೇರೆ ತುಂಡಾಗಿ ಎರಕ ಹೊಯ್ದು, ಎರಡು ಜಾಗಗಳಲ್ಲಿ ಎಲ್ಲಿ ಬೇಕಾದರೂ ಸಿಕ್ಕಿಸುವಂತೆ ಮಾಡಿದ್ದು ಕೊನೆಯ ರಾಜಿ. ಬಿಟ್ಟುಹೋದವರು ಮರಳಿ ಬರಲಿಲ್ಲ. ಗಾಡಿಯನ್ನು ಮಾತ್ರ ಆರು ಕೊಂಡರಂತೆ.

ಯಾವ ದಿನ ಎಂಬ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರವೂ ರಾಜಿಯೇ. ಚಂದಾದಾರರಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಹೊಳೆಯುವ ಕೆಂಪು ಗಾಡಿ, ಅದನ್ನು ಮಾಡಿದರು. ಆದರೆ ಅದರ ಜೊತೆಗೆ ಚಿಕ್ಕ ಸಂಖ್ಯೆಯಲ್ಲಿ ಇನ್ನೊಂದನ್ನೂ ಹೊರತಂದರು: 1946ರ ಹೊತ್ತಿನದು. ಕೆಂಪು ಮಾಸಿ ಕಂದಾಗಿದೆ. ನಡುವಿನ ಎರಡು ಹಲಗೆ ಬಣ್ಣವಿಲ್ಲದ ಹೊಸ ಮರ. ವರ್ತಕನ ಹೆಸರಿನ ನಟ್ಟನಡುವೆ ಎರಡು ಪಟ್ಟೆ ಖಾಲಿ. ಹೆಸರು ಓದಲಾಗುತ್ತದೆ, ಮೊದಲೇ ಗೊತ್ತಿದ್ದವರಿಗೆ. ಇದಕ್ಕೆ ಪಟದ ಆಧಾರವಿಲ್ಲ. ಅಂಥ ಬೇರೆ ಗಾಡಿಗಳನ್ನು ನೋಡಿ ಮಾಡಿದ ಊಹೆ. ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಇದು ಊಹೆಯೆಂದು ಸ್ಪಷ್ಟವಾಗಿ ಅಚ್ಚು ಹಾಕಿಸಬೇಕೆಂದು ನಮ್ಮ ಹುಡುಗ ಹಟ ಮಾಡಿ ಹಾಕಿಸಿದನಂತೆ. ನನಗೆ ಅವನ ಬಗ್ಗೆ ಅಭಿಮಾನ ಮೂಡಿದ್ದು ಆ ಚೀಟಿಯನ್ನು ಓದಿದಾಗ.

"ಹಾಗಾದರೆ ನನಗೆ ಆ ಮಾಸಿದ್ದನ್ನೇ ಕೊಡಬಾರದಾಗಿತ್ತೆ?" ಎಂದೆ. "ಅದು ಒಂದೂ ಉಳಿಯಲಿಲ್ಲ ದೊಡ್ಡಪ್ಪ. ಇದು ಮಾರಾಟದ್ದೂ ಅಲ್ಲ, ಮೊದಲು ಬಂದ ನಮೂನೆ. ತಪ್ಪಿದೆ, ನೋಡಿ ಹೇಳಿ" ಎಂದ.

ಎರಡು ದಿನ ಭೂತಗನ್ನಡಿ ಹಿಡಿದು ನೋಡಿದೆ. ಸಿಕ್ಕಲಿಲ್ಲ. ಕೊನೆಗೆ ಅವನೇ ತೋರಿಸಿದ. ಗಾಡಿಯ ಪಕ್ಕದಲ್ಲಿ ಕೆಳಗಿನಿಂದ ಮೇಲಕ್ಕೆ ಓರೆಯಾಗಿ ಎಳೆದ ಒಂದು ಬಿಳಿಯ ಪಟ್ಟೆ ಇದೆ. ಅದು ಅಲಂಕಾರಕ್ಕಲ್ಲ. ಈ ಗಾಡಿಗಳಿಗೆ ಒಂದು ತುದಿಯಲ್ಲಿ ಮೇಲಿನಿಂದ ತೂಗುವ ಬಾಗಿಲು ಇರುತ್ತಿತ್ತು. ಬಂದರಿನಲ್ಲಿ ಇಡೀ ಗಾಡಿಯನ್ನೇ ಎತ್ತಿ ಬಾಗಿಸಿ ಇದ್ದಲನ್ನು ಹಡಗಿಗೆ ಸುರಿಯುವುದಕ್ಕೆ. ಪಟ್ಟೆ ಯಾವ ತುದಿಗೆ ಏರುತ್ತದೆಯೋ ಆ ತುದಿಯಲ್ಲಿ ಬಾಗಿಲು ಎಂದು ಕೂಲಿಗಳಿಗೆ ಗುರುತು. ಎಂದ ಮೇಲೆ ಒಂದು ಪಕ್ಕದಲ್ಲಿ ಪಟ್ಟೆ ಎಡಕ್ಕೆ ಏರಿದರೆ ಇನ್ನೊಂದು ಪಕ್ಕದಲ್ಲಿ ಬಲಕ್ಕೆ ಏರಬೇಕು. ಹೆಸರು ಎರಡೂ ಪಕ್ಕ ಒಂದೇ ಅಲ್ಲವೆ ಎಂದು ಮುದ್ರಕರು ಎರಡಕ್ಕೂ ಒಂದೇ ಫಲಕವನ್ನು ಬಳಸಿದ್ದರು. ಅಲ್ಲಿ ಮೂಲ ಪಟವೂ ನೆರವಿಗೆ ಬಂದಿರಲಿಲ್ಲ. ಕಾರ್ಖಾನೆಯವರು ತೆಗೆದದ್ದು ಒಂದೇ ಪಕ್ಕದ್ದು. ಬಳಗದ ಹಿರಿಯರ ಕಣ್ಣಿಗೆ ಬಿದ್ದು ಉಳಿದ ಗಾಡಿಗಳೆಲ್ಲ ತಿದ್ದುಪಡಿಯಾದವು.

ನನ್ನದು ಹಾಗೆಯೇ ಇದೆ. ಒಂದು ಪಕ್ಕದಿಂದ ನೋಡಿದರೆ ಬಾಗಿಲು ಕಿಟಕಿಯ ಕಡೆಗೆ, ಅದು ನಿಜ. ಇನ್ನೊಂದು ಪಕ್ಕದ ಪಟ್ಟೆಯನ್ನು ನಂಬಿದರೆ ಬಾಗಿಲು ಪುಸ್ತಕದ ಕಪಾಟಿನ ಕಡೆಗೆ. ಅಲ್ಲಿರುವುದು ಏಳು ಹಲಗೆಯ ಗೋಡೆ. ಬರೆಯಲು ಕೂತಾಗ ನಾನು ಅದನ್ನು ತಪ್ಪಿರುವ ಪಕ್ಕ ನನ್ನತ್ತ ಕಾಣುವಂತೆ ತಿರುಗಿಸಿ ಇಟ್ಟುಕೊಳ್ಳುತ್ತೇನೆ.